ಸುಮ್ಮನಿದ್ದವರಿಗೆ ಎರಡು

ನನ್ನ ಕೈ ನಾರುತ್ತಿದೆಯೇನೋ ಎಂಬ ಚಿಂತೆ ಹತ್ತಿಕೊಂಡು ಮೂರು ವಾರವಾಗಿತ್ತು. ಇದನ್ನು ಯಾರನ್ನು ಕೇಳುವುದು? ಅಮ್ಮನನ್ನು ಕೇಳಿದರೆ ಮೂಸಿ ನೋಡುತ್ತಾಳೆ, ನೋಡಿ ಇಲ್ಲ ಎನ್ನುತ್ತಾಳೆ, ಇಲ್ಲ ಎಂದರೂ ನಾನು ನಂಬುವುದಿಲ್ಲ. ಹಾಗಾಗಿ ಡೈರಿಯಲ್ಲಿ ಬರೆದುಕೊಂಡೆ: ಬಲಗೈ, ಬೆರಳ ಸಂದಿ, ಬ್ಲೀಚಿಂಗ್ ಪುಡಿ, ರಬ್ಬರು, ಅದರಡಿ ಇನ್ನೇನೋ. ಆ ಇನ್ನೇನೋ ಏನೆಂದು ಬರೆಯಲು ಮನಸ್ಸು ಬರಲಿಲ್ಲ. ಊಟಕ್ಕೆ ಕೂತಾಗ ಎಡಗೈಯಲ್ಲಿ ಚಮಚ ಹಿಡಿಯುವುದನ್ನು ರೂಢಿ ಮಾಡಿಕೊಂಡೆ. ಅಮ್ಮನ ಕಣ್ಣಿಗೆ ಅದು ಬೀಳದೆ ಇರುತ್ತದೆಯೆ?

"ಕೈಗೇನಾಯ್ತೇ?"

"ಏನಿಲ್ಲ."

"ನಿನ್ನ ಬಾಯಿಂದ ಒಂದು ಮಾತು ಹೊರಡಿಸೋಕೆ ಅರ್ಜಿ ಹಾಕ್ಬೇಕು ಕಣೇ. ಅಲ್ಲಿ ಹೋಗಿ ಜನರನ್ನ ಪ್ರಶ್ನೆ ಕೇಳೋ ಕೆಲಸ ಮಾಡ್ತೀಯಂತೆ. ಯಾರಾದ್ರೂ ನಂಬ್ತಾರಾ?"

ಅಮ್ಮ ನಂಬದಿದ್ದದ್ದು ಸರಿಯೇ. ಮನಃಶಾಸ್ತ್ರದಲ್ಲಿ ಪದವಿ ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದವಳಿಗೆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಈ ಕೆಲಸ ಸಿಕ್ಕಿತ್ತು. ಆರು ತಿಂಗಳು ನೋಡಿ ಕಾಯಂ ಮಾಡುತ್ತೇವೆ ಎಂದಿದ್ದರು. ಹನ್ನೆರಡು ಕುರ್ಚಿ, ಪಕ್ಕದಲ್ಲಿ ಹನ್ನೆರಡು ಯಂತ್ರ. ಕಿಡ್ನಿ ಸೋತವರು ವಾರಕ್ಕೆ ಮೂರು ಸಲ ಬಂದು ಆ ಕುರ್ಚಿಗಳಲ್ಲಿ ನಾಲ್ಕು ನಾಲ್ಕು ಗಂಟೆ ಒರಗುತ್ತಾರೆ. ಅವರ ರಕ್ತ ಒಂದು ಕೊಳವೆಯಲ್ಲಿ ಯಂತ್ರಕ್ಕೆ ಹೋಗಿ, ತೊಳೆಸಿಕೊಂಡು, ಇನ್ನೊಂದು ಕೊಳವೆಯಲ್ಲಿ ಮೈಗೆ ವಾಪಸು ಬರುತ್ತದೆ. ಮೊದಲ ದಿನ ಆ ಕೊಳವೆ ನನ್ನ ಮೊಣಕೈಗೆ ತಾಗಿತು. ಬೆಚ್ಚಗಿತ್ತು. ಶೌಚಾಲಯಕ್ಕೆ ಹೋಗಿ ಮೊಣಕೈವರೆಗೆ ಸೋಪು ಹಚ್ಚಿದೆ. ಹೊಟ್ಟೆ ತೊಳಸುವುದು ನಿಲ್ಲಲಿಲ್ಲ. ಬೇರೆಯವರ ಬದುಕು ಬೆಚ್ಚಗಿದೆಯೆಂದು ಹೊಟ್ಟೆ ತೊಳಸುವ ನಾನು ಎಂಥವಳು ಎಂದೂ ಅವತ್ತು ಬರೆದಿದ್ದೇನೆ.

ನನ್ನ ಕೆಲಸ ಒಂದು ಹಾಳೆ. ಅದರ ನೆತ್ತಿಯ ಮೇಲೆ "ಅರ್ಥ ಮತ್ತು ನೆಮ್ಮದಿ: ಸ್ವ-ಮೌಲ್ಯಮಾಪನ" ಎಂದು ಅಚ್ಚಾಗಿತ್ತು. ಕೆಳಗೆ ಹತ್ತು ವಾಕ್ಯ. ನನ್ನ ದಿನಗಳೆಲ್ಲ ಒಂದೇ ತರಹ ಕಾಣುತ್ತವೆ. ನಾನಿಲ್ಲದಿದ್ದರೂ ಯಾರಿಗೂ ವ್ಯತ್ಯಾಸವಾಗದು. ಹೀಗೆ. ಪ್ರತಿ ವಾಕ್ಯದ ಎದುರು ಸೊನ್ನೆಯಿಂದ ನಾಲ್ಕರವರೆಗೆ ಅಂಕಿ. ಸೊನ್ನೆಯೆಂದರೆ ಇಲ್ಲವೇ ಇಲ್ಲ, ಒಂದು ಅಪರೂಪಕ್ಕೆ, ಎರಡು ಕೆಲವೊಮ್ಮೆ, ಮೂರು ಆಗಾಗ, ನಾಲ್ಕು ಯಾವಾಗಲೂ. ಒಟ್ಟು ಇಪ್ಪತ್ತೈದು ದಾಟಿದರೆ ಹೆಸರು ಕೆಂಪು ಪಟ್ಟಿಗೆ ಹೋಗುತ್ತದೆ. ಕೆಂಪು ಪಟ್ಟಿಯವರ ಜೊತೆ ಗುರುವಾರಗಳಂದು ಬರುವ ಆಪ್ತಸಮಾಲೋಚಕರು ಕೂತು ಮಾತಾಡುತ್ತಾರೆ. ಇಪ್ಪತ್ತೈದರ ಕೆಳಗಿನವರ ಮನಸ್ಸು ನೆಟ್ಟಗಿದೆ ಎಂದು ಲೆಕ್ಕ, ಅವರ ಹಾಳೆಗೆ ಹಸಿರು ಚುಕ್ಕೆ.

ರೋಗಿ ತನ್ನ ಕೈಯಾರೆ ತುಂಬಬೇಕಾದ ಹಾಳೆ ಅದು. ಆದರೆ ಒಂದು ಕೈಗೆ ಸೂಜಿ, ಇನ್ನೊಂದು ಕೈಗೆ ರಕ್ತದೊತ್ತಡದ ಪಟ್ಟಿ. ಬರೆಯುವುದಾದರೂ ಯಾವುದರಲ್ಲಿ? ಹಾಗಾಗಿ ನಾನು ಓದುತ್ತಿದ್ದೆ, ಅವರು ಹೇಳುತ್ತಿದ್ದರು, ನಾನು ಅಂಕಿಗೆ ಸುತ್ತು ಹಾಕುತ್ತಿದ್ದೆ.

ಈ ಕೆಲಸ ಕಲಿಸಿದ್ದು ನಮ್ಮ ಮೇಡಂ. ಈ ಹಾಳೆಗಳನ್ನಿಟ್ಟು ನಡೆಸುವ ಅಧ್ಯಯನದ ಉಸ್ತುವಾರಿ ಅವರದ್ದು. ಹಾಳೆ ತಿರುವುವಾಗ ಅವರು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಳ್ಳುತ್ತಿದ್ದರು. ಪ್ರತಿ ಹಾಳೆಯ ಮೂಲೆಯಲ್ಲೂ ಒಂದು ಒದ್ದೆ ಅರ್ಧಚಂದ್ರ. ಅದು ಒಣಗಿ, ಕಾಗದ ಉಬ್ಬಿ, ಚಹಾಕ್ಕೆ ಅದ್ದಿದ ಬಿಸ್ಕತ್ತಿನ ಚೂರು ಅದಕ್ಕೆ ಅಂಟಿರುತ್ತಿತ್ತು. ಆ ಮೂಲೆ ಹಿಡಿಯದೆ ಹಾಳೆ ಎತ್ತಿಕೊಳ್ಳುವ ವಿದ್ಯೆಯನ್ನು ನಾನೇ ಕಂಡುಹಿಡಿದುಕೊಂಡೆ.

"ಒಂದು ವಿಷಯ ನೆನಪಿಟ್ಕೊ," ಎಂದರು ಮೇಡಂ ಮೊದಲ ದಿನ. "ಖಾಲಿ ಬಿಡಬಾರದು. ಒಂದು ಖಾಲಿ ಇದ್ರೂ ಕಂಪ್ಯೂಟರ್ ಇಡೀ ಹಾಳೆ ಒಗೆಯತ್ತೆ. ಹಾಳೆ ಒಗೆದ್ರೆ ನನ್ನನ್ನ ಒಗೀತಾರೆ. ನನ್ನನ್ನ ಒಗೆದ್ರೆ ನಿನ್ನ ಗತಿ ನೀನೇ ಯೋಚಿಸ್ಕೊ."

"ಹೂಂ ಮೇಡಂ."

"ಏನು ಹೂಂ? ಗಂಟಲು ಬಿಟ್ಟು ಮಾತಾಡಮ್ಮ. ಅವರಿಗೆ ಕೇಳ್ಬೇಕಲ್ಲ."

ಓದುವುದು ಕಷ್ಟವಾಗಲಿಲ್ಲ. ಬೇರೆಯವರು ಬರೆದ ಮಾತನ್ನು ನಾನು ಎಷ್ಟು ಬೇಕಾದರೂ ಜೋರಾಗಿ ಓದಬಲ್ಲೆ. ಕಷ್ಟವಾದದ್ದು ಓದಿದ ಮೇಲಿನ ಹೊತ್ತು. ಕೆಲವರು ತಟ್ಟನೆ ಹೇಳಿಬಿಡುತ್ತಿದ್ದರು, ಒಂದು, ಮೂರು, ಸೊನ್ನೆ ಹಾಕು ಮಗಳೇ ಎಂದು. ಕೆಲವರು ಕೆಲವು ವಾಕ್ಯಗಳಿಗೆ ಸುಮ್ಮನಾಗಿಬಿಡುತ್ತಿದ್ದರು. ಮೇಲೆ ಫ್ಯಾನು ನೋಡುತ್ತಿದ್ದರು. ಯಂತ್ರ ಗಿರಗಿರ ಎನ್ನುತ್ತಿತ್ತು. ಆ ಸುಮ್ಮನಿರುವಿಕೆಯನ್ನು ನಾನು ತಾಳಲಾರೆ. ಚಿಕ್ಕಂದಿನಿಂದಲೂ ಹಾಗೆ. ಎದುರಿಗಿದ್ದವರು ಸುಮ್ಮನಾದರೆ ನಾನೇ ಏನೋ ತಪ್ಪು ಮಾಡಿದೆನೆಂದು ಕಿವಿ ಬಿಸಿಯಾಗುತ್ತದೆ. ಮನಸ್ಸಿನಲ್ಲಿ ಐದು ಎಣಿಸುತ್ತಿದ್ದೆ. ಐದಕ್ಕೂ ಉತ್ತರ ಬರದಿದ್ದರೆ ಎರಡಕ್ಕೆ ಸುತ್ತು ಹಾಕಿ ಮುಂದಿನ ವಾಕ್ಯಕ್ಕೆ ಹೋಗುತ್ತಿದ್ದೆ. ಎರಡು ಯಾರಿಗೂ ನೋವು ಮಾಡುವುದಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಅಂಕಿ. ಹಾಳೆ ಖಾಲಿ ಉಳಿಯುವುದಿಲ್ಲ, ಕಂಪ್ಯೂಟರ್ ನುಂಗಿಕೊಳ್ಳುತ್ತದೆ, ಮೇಡಂ ಹೆಬ್ಬೆರಳು ನೆಕ್ಕಿಕೊಂಡು "ಶಹಬ್ಬಾಸ್, ಒಂದೂ ಖಾಲಿ ಇಲ್ಲ" ಎನ್ನುತ್ತಾರೆ.

ಆ ಹೊಗಳಿಕೆ ನನಗೆ ಹಿತವಾಗಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು.

ಆರನೆಯ ಕುರ್ಚಿ ಡ್ರೈವರಣ್ಣನದ್ದು. ಎಲ್ಲರೂ ಹಾಗೇ ಕರೆಯುತ್ತಿದ್ದರು. ಮೂವತ್ತು ವರ್ಷ ಊರೊಳಗಿನ ಬಸ್ಸು ಓಡಿಸಿದವರು, ಈ ಕಾಯಿಲೆಯಿಂದ ಸ್ಟೀರಿಂಗ್ ಬಿಟ್ಟು ಎರಡು ವರ್ಷವಾಗಿತ್ತು. ದಪ್ಪ ಕುತ್ತಿಗೆ, ತೋಳಿನ ಮೇಲೆ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ಗಂಟು. ಬಾಯಾರಿಕೆಗೆ ನೀರು ಕುಡಿಯುವಂತಿಲ್ಲವಾದ್ದರಿಂದ ಐಸ್ ತುಂಡು ಚೀಪುತ್ತಿದ್ದರು. ಚೀಪಿದ್ದನ್ನು ಕೈಯಲ್ಲಿ ಉಗುಳಿಕೊಂಡು ಮಾತಾಡಿ, ಮತ್ತೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾನು ಹಾಳೆಯತ್ತ ಕಣ್ಣು ತಿರುಗಿಸುತ್ತಿದ್ದೆ.

"ನನ್ನ ದಿನಗಳೆಲ್ಲ ಒಂದೇ ತರಹ ಕಾಣುತ್ತವೆ," ಎಂದು ನಾನು ಓದಿದಾಗ ಅವರು ಐಸನ್ನು ಕೆನ್ನೆಗೆ ಸರಿಸಿ ನಕ್ಕಿದ್ದರು.

"ಮೂವತ್ತು ವರ್ಷ ಒಂದೇ ರೂಟ್ ಹೊಡೆದವನನ್ನ ಇದು ಕೇಳ್ತೀಯಲ್ಲಮ್ಮ. ಮಾರ್ಕೆಟ್ಟಿಂದ ಸ್ಟೇಷನ್ನು, ಸ್ಟೇಷನ್ನಿಂದ ಮಾರ್ಕೆಟ್ಟು. ಮೂರು ಹಾಕು."

ಪಕ್ಕದಲ್ಲಿ ಕೊಳವೆ ಸರಿಮಾಡುತ್ತಿದ್ದ ಸಿಸ್ಟರ್ ಮಾತು ಸೇರಿಸಿದರು. ವಿಭಾಗದ ಹಿರಿಯ ನರ್ಸು, ಯಾರಿಗೂ ಹೆದರದ ಹೆಂಗಸು. "ಸುಳ್ಳು ಹೇಳ್ಬೇಡ ಡ್ರೈವರಣ್ಣ. ಸ್ಟಾಪಲ್ಲಿ ನಿಲ್ಲಿಸದೆ ಓಡಿಸಿದ ದಿನ ಎಲ್ಲ ಬೇರೆ ತರಹ ಇದ್ವಲ್ಲ. ನಾನೇ ಎಷ್ಟು ಸಲ ನಿನ್ನ ಬಸ್ಸಿನ ಹಿಂದೆ ಓಡಿದೀನಿ."

"ನೀನು ಓಡಿದ್ದಕ್ಕೇ ಇವತ್ತು ನಿನ್ನ ಕಿಡ್ನಿ ನೆಟ್ಟಗಿದೆ ಸಿಸ್ಟರ್. ನಾನು ಕೂತೆ, ಹೋಯ್ತು. ಈಗ ಕೂರೋದೇ ಕೆಲಸ ಆಗಿದೆ."

ಅವರು ಹಾಗೆ ನಗಿಸುತ್ತಲೇ ನಾಲ್ಕು ವಾಕ್ಯ ದಾಟಿದರು. ಐದನೆಯದು, ನಾನಿಲ್ಲದಿದ್ದರೂ ಯಾರಿಗೂ ವ್ಯತ್ಯಾಸವಾಗದು. ಅವರು ಸುಮ್ಮನಾದರು. ಐದು ಎಣಿಸಿ ಎರಡು ಹಾಕಿದೆ. ಏಳನೆಯದು, ಬದುಕಿರುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ. ಅವರು ಐಸ್ ಚೀಪುವುದನ್ನೂ ನಿಲ್ಲಿಸಿದರು. ಐಸು ಕರಗಿ ಗಲ್ಲದ ಮೇಲೆ ಇಳಿಯಿತು. ಅದನ್ನು ನೋಡಲಾಗದೆ ಬೇಗ ಬೇಗ ಎಣಿಸಿದೆ. ಎರಡು. ಒಂಬತ್ತನೆಯದು, ಇದೆಲ್ಲ ಬೇಗ ಮುಗಿದರೆ ಸಾಕು ಎನಿಸುತ್ತದೆ. ಅದಕ್ಕೂ ಎರಡು. ಒಟ್ಟು ಇಪ್ಪತ್ತೊಂದು. ಮೇಡಂ ಕೆಳಗೆ ಹಸಿರು ಚುಕ್ಕೆ ಇಟ್ಟರು.

ಇದಾಗಿ ಹದಿನೈದು ದಿನಕ್ಕೆ, ಒಂದು ಶುಕ್ರವಾರ, ಆರನೆಯ ಕುರ್ಚಿ ಖಾಲಿ ಇತ್ತು. ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು.

"ಡ್ರೈವರಣ್ಣ ಬರಲ್ವಂತೆ," ಎಂದರು ಸಿಸ್ಟರ್, ಹತ್ತಿಯ ಉಂಡೆಗಳನ್ನು ಡಬ್ಬಿಗೆ ತುಂಬುತ್ತಾ. "ಫೋನ್ ಮಾಡಿದ್ದ. ಸಾಕು ಸಿಸ್ಟರ್, ಇಳಿಸಿಬಿಡಿ ನನ್ನನ್ನ ಅಂದ. ತಮಾಷೆ ಅಂದ್ಕೊಂಡೆ. ತಮಾಷೆ ಅಲ್ಲ."

"ಯಂತ್ರ ಬಿಟ್ರೆ..." ಎಂದು ಶುರುಮಾಡಿ ನಿಲ್ಲಿಸಿದೆ.

"ಒಂದು ವಾರ. ಹತ್ತು ದಿನ. ಎರಡು ವಾರ ಉಳಿದೋರನ್ನೂ ನೋಡಿದೀನಿ, ಅದನ್ನ ಉಳಿಯೋದು ಅನ್ನೋಕಾಗಲ್ಲ." ಅವರು ಡಬ್ಬಿಯ ಮುಚ್ಚಳ ಒತ್ತಿದರು. "ಬುಧವಾರ ಬಂದು ಸಹಿ ಹಾಕ್ತಾನೆ, ನನ್ನ ಇಷ್ಟದಿಂದ ಬಿಡ್ತಿದೀನಿ ಅಂತ. ಸಹಿ ಆದ್ಮೇಲೆ ಕುರ್ಚಿ ಮುಂದಿನವರಿಗೆ. ಒಂಬತ್ತು ಜನ ಕಾಯ್ತಿದಾರೆ."

"ಯಾರೂ ಬೇಡ ಅನ್ನಲ್ವಾ?"

"ತಲೆ ಕೆಟ್ಟಿದ್ರೆ ಬೇಡ ಅನ್ಬಹುದು. ಸಮಾಲೋಚಕರು ನೋಡೋವರೆಗೆ ಸಹಿ ತಡೀಬಹುದು. ಅವನದ್ದು ಹಸಿರು ಚುಕ್ಕೆ ಅಂತೆ. ತಲೆ ಸರಿಯಾಗಿದ್ದೋನು ತನ್ನ ಜೀವ ತಾನು ಬಿಡ್ತೀನಿ ಅಂದ್ರೆ ಡಾಕ್ಟರು ಏನ್ಮಾಡ್ತಾರೆ? ಕಾಗದ ಹಾಗೆ ಹೇಳತ್ತೆ." ನನ್ನ ಮುಖ ನೋಡಿ, "ನೀನ್ಯಾಕೆ ಬಿಳಿಚ್ಕೊಂಡೆ? ಹೋಗು, ಏನಾದ್ರೂ ತಿನ್ನು," ಎಂದರು.

ತಿನ್ನಲಿಲ್ಲ. ಶೌಚಾಲಯದಲ್ಲಿ ನಲ್ಲಿ ಬಿಟ್ಟುಕೊಂಡು ನಿಂತೆ. ಡ್ರೈವರಣ್ಣನ ಹೆಸರಿನ ಕೆಳಗಿರುವ ಆ ಹಸಿರು ಚುಕ್ಕೆಯಲ್ಲಿ ಆರು ಅಂಕ ನನ್ನವು. ಅವರು ಕೊಟ್ಟದ್ದು ಏಳು ವಾಕ್ಯಕ್ಕೆ ಹದಿನೈದು. ಮಿಕ್ಕ ಮೂರಕ್ಕೆ ಅವರು ಏನು ಹೇಳುತ್ತಿದ್ದರೋ ದೇವರಿಗೇ ಗೊತ್ತು. ಮೂರಕ್ಕೂ ನಾಲ್ಕು ಎಂದಿದ್ದರೆ ಇಪ್ಪತ್ತೇಳು. ಕೆಂಪು ಪಟ್ಟಿ. ಯಾರೋ ಒಬ್ಬರು ಎದುರಿಗೆ ಕೂತು, ಏನಣ್ಣ, ಯಾಕೆ ಎಂದು ಕೇಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಅಮ್ಮ ಮಲಗಿದ್ದಾಗ ಚೀಲದಿಂದ ಒಂದು ಖಾಲಿ ಹಾಳೆ ತೆಗೆದೆ. ಮೂಲೆಯಲ್ಲಿ ಅರ್ಧಚಂದ್ರ ಇತ್ತು. ಕತ್ತರಿಯಿಂದ ಆ ಮೂಲೆ ಕತ್ತರಿಸಿ ಬಿಸಾಡಿದೆ. ನನಗೆ ನಾನೇ ಓದಿಕೊಂಡು ತುಂಬೋಣ ಎಂಬ ಯೋಚನೆ. ಅಷ್ಟು ಜನರಿಗೆ ತುಂಬಿದವಳು, ಒಂದು ಸಲವೂ ನನಗೆ ತುಂಬಿಕೊಂಡಿರಲಿಲ್ಲ. ಹಾಗೆ ತುಂಬುವುದೇ ಒಂದು ಥರ ನಾಟಕ ಎಂದು ಮೈ ಉರಿಯುತ್ತಿತ್ತು, ಆದರೂ ಕೂತೆ.

ಮೊದಲ ನಾಲ್ಕು ಸುಲಭವಾಗಿ ಹೋದವು. ದಿನಗಳು ಒಂದೇ ತರಹ ಕಾಣುತ್ತವೆಯೆ? ಮೂರು. ನನ್ನ ಕೆಲಸದಿಂದ ಯಾರಿಗಾದರೂ ಉಪಯೋಗವಿದೆಯೆ ಎಂಬ ಅನುಮಾನ? ಇದಕ್ಕೆ ನಾಲ್ಕು ಹಾಕುವಾಗ ಪೆನ್ನು ಕಾಗದ ಹರಿಯುವಷ್ಟು ಒತ್ತಿತು. ಐದನೆಯದಕ್ಕೆ ಅಮ್ಮನ ಗೊರಕೆ ಕೇಳಿಸಿ ಒಂದು ಎಂದೆ. ಆರನೆಯದು ಏನಿತ್ತೋ ಹಾಕಿದೆ. ಏಳನೆಯದಕ್ಕೆ ಬಂದೆ. ಬದುಕಿರುವುದಕ್ಕೆ ನನಗೆ ಕಾರಣ ಕಾಣುತ್ತಿಲ್ಲ.

ಗಡಿಯಾರ ಎದುರಿಗೇ ಇತ್ತು. ಎರಡು ಗಂಟೆ ಹತ್ತು ನಿಮಿಷ. ಇಲ್ಲ ಎಂದು ಬರೆಯಲು ಪೆನ್ನು ಎತ್ತಿದೆ, ಅದು ಸುಳ್ಳೆನಿಸಿತು. ಯಾವಾಗಲೂ ಎಂದು ಬರೆಯಲು ಹೋದೆ, ಅದು ದೊಡ್ಡಸ್ತಿಕೆ ಎನಿಸಿತು, ಯಾರೋ ನೋಡಲಿ ಎಂದು ಬರೆಯುವಂತೆ. ಕಾರಣ ಎಂದರೆ ಏನು? ಅಮ್ಮ ಒಂದು ಕಾರಣವೆ? ಸೋಮವಾರ ಕೆಲಸಕ್ಕೆ ಹೋಗಬೇಕಾದ್ದು ಕಾರಣವೆ? ಅಡುಗೆಮನೆಯ ಬಾಗಿಲಲ್ಲಿ ಒಂದು ಇರುವೆ ಸತ್ತ ಜಿರಲೆಯ ರೆಕ್ಕೆ ಎಳೆದುಕೊಂಡು ಹೋಗುತ್ತಿತ್ತು. ಅದು ಹೊಸ್ತಿಲು ದಾಟುವವರೆಗೂ ನೋಡಿದೆ. ಗಡಿಯಾರ ನೋಡಿದರೆ ಎರಡು ಗಂಟೆ ಇಪ್ಪತ್ತೊಂದು ನಿಮಿಷ. ನನ್ನ ಬಾಯಿಂದ ಉತ್ತರ ಬಂದಿರಲಿಲ್ಲ. ಕೆಲವೊಮ್ಮೆ ಎಂಬುದು ಅದರ ಹತ್ತಿರವೂ ಇರಲಿಲ್ಲ.

ಸೂಜಿ ಚುಚ್ಚಿಸಿಕೊಂಡು, ನೀರಿಲ್ಲದೆ, ನಾಲ್ಕು ಗಂಟೆ ಮಲಗಿದ್ದ ಮನುಷ್ಯನಿಗೆ ಇದೇ ವಾಕ್ಯಕ್ಕೆ ನಾನು ಕೊಟ್ಟದ್ದು ಐದು ಎಣಿಸುವಷ್ಟು ಹೊತ್ತು. ಅದರಲ್ಲೂ ಬೇಗ ಬೇಗ ಎಣಿಸಿದ್ದೆ.

ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ. ಅಮ್ಮ ಎದ್ದು ಬಂದು ಬೆನ್ನು ಸವರಿದಳು.

"ಏನು ತಿಂದೆ? ಹೊರಗೆ ಏನಾದ್ರೂ ತಿಂದ್ಯಾ?"

"ಏನಿಲ್ಲಮ್ಮ."

"ಆ ಆಸ್ಪತ್ರೆ ಗಾಳಿ ನಿನಗೆ ಒಗ್ಗಲ್ಲ ಅಂತ ನಾನು ಮೊದಲೇ ಹೇಳಿದ್ದೆ. ಕೇಳಿದ್ರೆ ತಾನೆ. ಬಿಟ್ಟುಬಿಡು ಬೇಕಾದ್ರೆ."

ಬಿಟ್ಟುಬಿಡಬಹುದಿತ್ತು. ಬಾಯಿ ತೊಳೆದುಕೊಳ್ಳುವಾಗ ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ ಅದರ ಮೇಲೂ ಅಸಹ್ಯವಾಯಿತು. ರಾಜೀನಾಮೆಗೆ ಮಾತು ಬೇಕಿಲ್ಲ, ಒಂದು ಕಾಗದ ಸಾಕು. ಕಾಗದದಲ್ಲಿ ನಾನು ಎಷ್ಟು ಬೇಕಾದರೂ ಧೈರ್ಯವಂತೆ.

ಸೋಮವಾರ ಮೇಡಂಗೆ ಹೇಳಿಬಿಡುವುದೆಂದು ಹೋದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ತುಟಿಯೊಳಗೇ ಹೇಳಿಕೊಂಡೆ. ಮೇಡಂ, ಒಂದು ತಪ್ಪಾಗಿದೆ. ಮೇಡಂ, ಡ್ರೈವರಣ್ಣನ ಹಾಳೆ. ಪಕ್ಕದಲ್ಲಿ ಕೂತಿದ್ದಾಕೆ ಜಪ ಮಾಡುತ್ತಿದ್ದೇನೆ ಎಂದುಕೊಂಡು ಸರಿದು ಕೂತಳು.

ಮೇಡಂ ಗೋಡೆಗೆ ಬಣ್ಣದ ನಕ್ಷೆಯೊಂದನ್ನು ಅಂಟಿಸುತ್ತಿದ್ದರು. ಟೇಪಿನ ಚೂರನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದರು.

"ನೋಡು ಬಾ. ನೀನು ಬರೋ ಮುಂಚಿನ ತಿಂಗಳಿಗೂ ಈ ತಿಂಗಳಿಗೂ. ಅರ್ಥಹೀನತೆ ಎಷ್ಟು ಇಳಿದಿದೆ." ನಿಜವಾಗಿಯೂ ಒಂದು ಕಂಬ ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. "ನಿನ್ನ ಹಾಳೆಗಳಿಂದ. ಮೊದಲಿದ್ದ ಹುಡುಗಿ ಅರ್ಧಕ್ಕರ್ಧ ಖಾಲಿ ತರ್ತಿದ್ಲು, ಇಲ್ಲಾ ಎಲ್ಲರನ್ನೂ ಕೆಂಪು ಮಾಡ್ತಿದ್ಲು. ಸಮಾಲೋಚಕರು ಬರೋದು ವಾರಕ್ಕೆ ಎರಡು ಗಂಟೆ ಕಣಮ್ಮ. ಮೂವತ್ತು ಜನರನ್ನ ಕಳಿಸಿದ್ರೆ ಅವರು ಯಾರನ್ನ ನೋಡ್ಬೇಕು? ನಿಜವಾಗಿ ಬೇಕಾದೋರಿಗೆ ಸಿಗ್ಬೇಕಲ್ಲ."

ಅವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ಲೆಕ್ಕವೂ ಸರಿಯಾಗಿತ್ತು. ಮೂವತ್ತು ಜನರಿಗೆ ಎರಡು ಗಂಟೆ ಹಂಚಿದರೆ ಒಬ್ಬರಿಗೆ ನಾಲ್ಕು ನಿಮಿಷ. ಆ ಗಿಡ್ಡ ಕಂಬದೊಳಗೆ ನನ್ನ ಎರಡುಗಳು ಎಷ್ಟಿವೆಯೋ ಎಂದು ನೋಡುತ್ತಾ ನಿಂತೆ. ಎಂಜಲು ಟೇಪು ನಕ್ಷೆಯ ಮೂಲೆಯಲ್ಲಿ ಹೊಳೆಯುತ್ತಿತ್ತು.

"ಏನೋ ಹೇಳೋಕೆ ಬಂದ ಹಾಗಿತ್ತು," ಎಂದರು ಮೇಡಂ.

"ಪೆನ್ನು," ಎಂದೆ. "ಪೆನ್ನು ಮುಗಿದಿದೆ ಮೇಡಂ."

ಡ್ರಾಯರಿನಿಂದ ಒಂದು ಪೆನ್ನು ತೆಗೆದು ಕೊಟ್ಟರು. ಅದರ ತುದಿಯಲ್ಲಿ ಹಲ್ಲಿನ ಗುರುತು ಇತ್ತು. ತೆಗೆದುಕೊಂಡೆ. ಥ್ಯಾಂಕ್ಸ್ ಅಂತಲೂ ಅಂದೆ.

ಬುಧವಾರ ಹನ್ನೊಂದಕ್ಕೆ ಡಾಕ್ಟರ ಕೋಣೆಯಲ್ಲಿ ಸೇರಿದೆವು. ಹಾಳೆಗಳ ಕಡತ ಹೊತ್ತು ತರುವುದಕ್ಕೆ ನಾನೂ ಬೇಕಾಗಿತ್ತು, ಅದಕ್ಕೇ ನನ್ನನ್ನೂ ಒಳಗೆ ಕರೆದಿದ್ದರು. ಬಾಗಿಲ ಪಕ್ಕ ಕಡತ ಎದೆಗವಚಿಕೊಂಡು ನಿಂತೆ. ಮೇಡಂ, ಸಿಸ್ಟರ್, ಡಾಕ್ಟರು. ಎದುರಿಗೆ ಡ್ರೈವರಣ್ಣ ಮತ್ತು ಅವರ ಹೆಂಡತಿ.

ಎರಡು ಸರದಿ ತಪ್ಪಿಸಿದ್ದಕ್ಕೇ ಅವರ ಮುಖ ಬೇರೆಯಾಗಿತ್ತು. ಕಣ್ಣ ಕೆಳಗೆ ನೀರು ತುಂಬಿದ ಚೀಲಗಳು, ಊದಿದ ಕಾಲಿಗೆ ಚಪ್ಪಲಿ ಹತ್ತದೆ ಹಿಮ್ಮಡಿ ಹೊರಗೆ. ಉಸಿರಿನಲ್ಲಿ ಮೂತ್ರದ ವಾಸನೆ ಬಾಗಿಲವರೆಗೂ ಬರುತ್ತಿತ್ತು. ನನ್ನ ಮೂಗು ತಾನಾಗಿ ಮುದುರಿಕೊಂಡಿತು. ಅದು ಅವರ ಕಣ್ಣಿಗೆ ಬಿತ್ತು. ಅವರು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದುಕೊಂಡರು, ಕ್ಷಮೆ ಕೇಳುವವರಂತೆ. ಈ ಎರಡು ತಿಂಗಳಲ್ಲಿ ನಾನು ಕಂಡ ಯಾವ ಕೊಳಕೂ ಆ ಕ್ಷಣದ ನನ್ನ ಮೂಗಿನಷ್ಟು ಕೊಳಕಾಗಿರಲಿಲ್ಲ.

"ಬೇಡ ಅಂತ ಹೇಳಿ ಡಾಕ್ಟ್ರೆ," ಎಂದರು ಹೆಂಡತಿ. ತೆಳ್ಳನೆಯ ಹೆಂಗಸು, ಕೈಚೀಲದ ಹಿಡಿಯನ್ನು ತಿರುಚುತ್ತಲೇ ಇದ್ದರು. "ಮನೇಲಿ ಎರಡು ತಿಂಗಳಿಂದ ಇವರು ಮಾತೇ ಆಡ್ತಿಲ್ಲ. ಹೊರಗೆ ಬಂದ್ರೆ ಎಲ್ಲರನ್ನೂ ನಗಿಸ್ತಾರೆ. ಮನೆಗೆ ಬಂದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ. ಅದನ್ನ ನೀವು ನೋಡಿಲ್ಲ."

"ನೋಡೀಮ್ಮ," ಎಂದರು ಡಾಕ್ಟರು ಮೆಲ್ಲಗೆ. "ನನಗೂ ಇದು ಇಷ್ಟ ಇಲ್ಲ. ಆದ್ರೆ ತಿಳಿದು ಬೇಡ ಅಂದವರನ್ನ ಕಟ್ಟಿಹಾಕೋಕೆ ನನಗೆ ಅಧಿಕಾರ ಇಲ್ಲ. ಮನಸ್ಸಿಗೆ ತೊಂದರೆ ಇದ್ದಿದ್ರೆ ಬೇರೆ ಮಾತು. ಸಹಿ ನಿಲ್ಲಿಸಿ ಮೊದಲು ಅದನ್ನ ನೋಡ್ತಿದ್ವಿ. ಅದಕ್ಕೇ ಈ ಪರೀಕ್ಷೆ ಮಾಡಿಸೋದು." ಅವರು ಕೈ ಚಾಚಿದರು. ಕಡತದಿಂದ ಆ ಹಾಳೆ ತೆಗೆದು ಕೊಟ್ಟೆ. "ಇಪ್ಪತ್ತೊಂದು. ಇಪ್ಪತ್ತೈದರ ಕೆಳಗೆ."

"ಅದೇನು ಥರ್ಮಾಮೀಟರಾ?" ಎಂದರು ಹೆಂಡತಿ. "ಕಂಕುಳಲ್ಲಿ ಇಟ್ಟು ತೆಗೆದ್ರಾ?"

"ಅವರೇ ಹೇಳಿರೋದಮ್ಮ," ಎಂದರು ಮೇಡಂ. "ನಾವು ಹಾಕಿದ್ದಲ್ಲ. ಒಂದೂ ಖಾಲಿ ಇಲ್ಲ ನೋಡಿ, ಹತ್ತಕ್ಕೆ ಹತ್ತೂ ಅವರೇ ಉತ್ತರ ಕೊಟ್ಟಿದಾರೆ."

ಡಾಕ್ಟರು ಡ್ರೈವರಣ್ಣನತ್ತ ಬಾಗಿದರು. "ನೀವೇ ಹೇಳಿ. ಬದುಕೋಕೆ ಕಾರಣ ಕಾಣಲ್ಲ ಅನ್ನೋದಕ್ಕೆ ಇಲ್ಲಿ ಕೆಲವೊಮ್ಮೆ ಅಂದಿದೀರಿ. ಕೆಲವೊಮ್ಮೆ ಅನ್ನೋದು ಎಲ್ಲರಿಗೂ ಇರತ್ತೆ, ನನಗೂ ಇರತ್ತೆ. ಈಗಲೂ ಅಷ್ಟೇನಾ?"

ಡ್ರೈವರಣ್ಣ ಕರವಸ್ತ್ರ ಇಳಿಸಿದರು. ಹಾಳೆಯ ಕಡೆ ನೋಡಿದರು. ಆಮೇಲೆ ನನ್ನ ಕಡೆ. ಅವರಿಗೆ ಗೊತ್ತಾಯಿತು. ಕೆಲವೊಮ್ಮೆ ಎಂದು ತಾವು ಹೇಳಿಯೇ ಇಲ್ಲ, ಹಾಳೆ ಹಿಡಿದು ಕೂತಿದ್ದದ್ದು ಯಾರು, ಎಲ್ಲವೂ ಗೊತ್ತಾಯಿತು. ಈಗ ಹೇಳುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಅಂದುಕೊಂಡೆ. ಅವರೇ ಹೇಳಿಬಿಟ್ಟರೆ ನಾನು ಹೇಳಬೇಕಾಗಿಲ್ಲ.

"ನಾನು ಹಾಗಂದ್ನಾ?" ಎಂದು ಅವರು ನಕ್ಕರು, ಬಸ್ಸಿನಲ್ಲಿ ಚಿಲ್ಲರೆ ಮರೆತುಹೋದ ಹುಡುಗಿಯನ್ನು ಇಳಿಸದೆ ಕರೆದುಕೊಂಡು ಹೋಗುವವರ ಹಾಗೆ. "ಅಂದಿರ್ತೀನಿ ಬಿಡಿ. ಪಾಪ, ಆ ಮಗು ಸರಿಯಾಗೇ ಬರ್ಕೊಂಡಿರತ್ತೆ. ಪೆನ್ನು ಕೊಡಿ ಡಾಕ್ಟ್ರೆ, ಎಲ್ಲಿ ಸಹಿ?"

"ರೀ," ಎಂದರು ಹೆಂಡತಿ.

ಸಿಸ್ಟರ್ ಕಿಟಕಿಯ ಕಡೆ ತಿರುಗಿಕೊಂಡರು. ಡಾಕ್ಟರು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಮೇಜಿನ ಮೇಲಿಟ್ಟರು. ಡ್ರೈವರಣ್ಣ ಊದಿದ ಬೆರಳುಗಳಲ್ಲಿ ಅದನ್ನು ಹಿಡಿಯಲು ನೋಡಿದರು, ಜಾರಿತು. ಮತ್ತೆ ಹಿಡಿದರು. ಮೇಡಂ ಸಹಾಯ ಮಾಡುವವರಂತೆ ಒಪ್ಪಿಗೆಯ ಕಾಗದವನ್ನು ಅವರ ಮುಂದೆ ಸರಿಸಿ, ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಸಹಿಯ ಪುಟ ತಿರುವಿದರು.

ಈ ಕೋಣೆಯಲ್ಲಿ ಅತ್ಯಂತ ಹೇಸಿಗೆಯ ವಸ್ತು ಆ ಒದ್ದೆ ಹೆಬ್ಬೆರಳಲ್ಲ, ಊದಿದ ಕಾಲಲ್ಲ, ಆ ಉಸಿರಲ್ಲ, ಬಾಗಿಲ ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರುವವಳು ಎಂದು ನನಗೆ ಅನಿಸಿತು. ಹಾಗೆ ಅನಿಸಿದ್ದನ್ನು ಮನೆಗೆ ಹೋಗಿ ಚೆಂದವಾಗಿ ಬರೆದಿಡಬಹುದೆಂದೂ ಅನಿಸಿತು. ಅದನ್ನು ಬರೆಯುವ ಹೊತ್ತಿಗೆ ಇವರಿಗೆ ಎಷ್ಟು ದಿನ ಉಳಿದಿರುತ್ತದೆ?

ಪೆನ್ನಿನ ತುದಿ ಕಾಗದಕ್ಕೆ ತಾಗಿತು.

"ಸಹಿ ಹಾಕ್ಬೇಡಿ," ಎಂದೆ.

ನನ್ನ ದನಿ ಒಡೆದ ಪಾತ್ರೆಯಂತಿತ್ತು. ಎಲ್ಲರೂ ತಿರುಗಿದರು. ಮೇಡಂ ಹುಬ್ಬು ಮೇಲೇರಿಸಿದರು. "ಏನಮ್ಮ? ಹೊರಗೆ ಹೋಗಿ ನಿಂತ್ಕೊ."

ನಾನು ಹೊರಗೆ ಹೋಗಲಿಲ್ಲ. ಮೇಜಿನ ಹತ್ತಿರ ಹೋಗಿ, ಡಾಕ್ಟರ ಮುಂದಿದ್ದ ಹಾಳೆಯ ಐದನೆಯ, ಏಳನೆಯ, ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟೆ. ಡ್ರೈವರಣ್ಣ ಬೇಡ ಎಂಬಂತೆ ಸಣ್ಣದಾಗಿ ತಲೆಯಾಡಿಸಿದರು. ನಾನು ಅವರ ಮುಖವನ್ನೇ ನೋಡುತ್ತಾ ಹೇಳಿದೆ.

"ಈ ಮೂರಕ್ಕೂ ಇವರು ಉತ್ತರ ಕೊಟ್ಟಿಲ್ಲ. ಇವರು ಸುಮ್ಮನಿದ್ರು, ನನಗೆ ಕಾಯೋಕಾಗ್ಲಿಲ್ಲ. ಈ ಎರಡುಗಳನ್ನ ನಾನು ಬರೆದೆ."